ಪೇರಲ 17, ಆಂಪಿಸಿಲಿನ್ 18: ಒಂದು ಹಳೆಯ ಶೀಶೆ ಮತ್ತು 64 ತಟ್ಟೆಗಳ ಲೆಕ್ಕ

ಜುಲೈ ಮೊದಲ ವಾರ ಹಿಡಿದ ಕೆಲಸ ಡಿಸೆಂಬರ್ ಮೊದಲ ವಾರ ಮುಗಿಯಿತು. ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುತ್ತೇನೆ. ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ಕಿರುಯೋಜನೆಗೆ ಆರಿಸಿಕೊಂಡ ವಿಷಯ ಇಷ್ಟು: ನಮ್ಮ ಸುತ್ತಮುತ್ತ ಮದ್ದೆಂದು ಬಳಸುವ ಆರು ಎಲೆಗಳ ಸಾರ ಬ್ಯಾಕ್ಟೀರಿಯಾವನ್ನು ಎಷ್ಟು ತಡೆಯುತ್ತದೆ, ನಾಲ್ಕು ಸಾಮಾನ್ಯ ಆಂಟಿಬಯಾಟಿಕ್‌ಗಳ ಪಕ್ಕದಲ್ಲಿ ಇಟ್ಟರೆ ಹೇಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಜೆಲ್‌ನ ಒಟ್ಟು 64 ತಟ್ಟೆಗಳನ್ನು ಹೊಯ್ದೆವು. ಅದರಲ್ಲಿ 32 ಕಸಕ್ಕೆ ಹೋದವು. ಉಳಿದವುಗಳಲ್ಲೂ ಒಂದು ಅಂಕಿ ನಮ್ಮನ್ನು ಎರಡು ವಾರ ದಾರಿ ತಪ್ಪಿಸಿತು. ಮುಂದಿನ ವರ್ಷ ಇದೇ ಕೆಲಸ ಹಿಡಿಯುವವರ ಕೈಗೆ ಆ ಹಾಳಾದ ತಟ್ಟೆಗಳ ವಿವರವೇ ಮೊದಲು ಸಿಗಬೇಕೆಂದು ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಾವು ಬಳಸಿದ ಸ್ಟ್ಯಾಫಿಲೋಕಾಕಸ್ ಆರಿಯಸ್ ಗಾಯದಲ್ಲಿ ಕೀವು ತರಿಸುವ ಬ್ಯಾಕ್ಟೀರಿಯಾ. ಇದನ್ನು ಮನೆಯಲ್ಲಿ ಬೆಳೆಸುವಂತಿಲ್ಲ. ಒತ್ತಡದ ಆವಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್, ಕೈಗವಸು, ಜ್ವಾಲೆಯ ಪಕ್ಕ ಕೆಲಸ ಮಾಡುವ ಅಭ್ಯಾಸ, ಮೇಲ್ವಿಚಾರಣೆ ಇವೆಲ್ಲ ಇರುವ ಪ್ರಯೋಗಾಲಯದಲ್ಲಿ ಮಾತ್ರ ಮಾಡಬೇಕು.

ಜುಲೈ 6 ರಿಂದ 24: ಎಲೆ ತಂದದ್ದು, ಒಣಗಿಸಿದ್ದು

ಪೇರಲ ಮತ್ತು ತುಳಸಿ ವಿದ್ಯಾರ್ಥಿಗಳ ಮನೆಯಂಗಳದವು. ಬೇವು, ಹೊಂಗೆ ಕಾಲೇಜಿನ ಆವರಣದಲ್ಲೇ ಇವೆ. ಲಕ್ಕಿ ಮತ್ತು ಬಂದರಿಕೆಗಾಗಿ ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋದೆವು. ಹುಡುಗರಿಗೆ ಚಿತ್ರದುರ್ಗದ ಜೋಗಿಮಟ್ಟಿ ಹತ್ತುವ ಆಸೆಯಿತ್ತು. ಅದು ಮೀಸಲು ಅರಣ್ಯ, ಅನುಮತಿ ಇಲ್ಲದೆ ಎಲೆ ಕೀಳುವಂತಿಲ್ಲ. ಅಲ್ಲಿಯವರೆಗೆ ಹೋಗುವ ಅಗತ್ಯವೂ ಇರಲಿಲ್ಲ, ದುರ್ಗದ ಸೀಮೆಯಲ್ಲಿ ಕಲ್ಲುಬದು ಇದ್ದಲ್ಲಿ ಬಂದರಿಕೆ ಇದ್ದೇ ಇರುತ್ತದೆ. ಎಲೆಯ ಮೇಲೆ ಎಣ್ಣೆ ಸವರಿದಂಥ ಹೊಳಪು, ಮುಟ್ಟಿದರೆ ಬೆರಳಿಗೆ ಅಂಟು, ಕಾಗದದಂಥ ರೆಕ್ಕೆಗಳಿರುವ ಕಾಯಿ. ಕಾಲು ಉಳುಕಿದರೆ ನಮ್ಮ ತಾಯಿ ಇದರ ಎಲೆಯನ್ನೇ ಬಿಸಿ ಮಾಡಿ ಕಟ್ಟುತ್ತಿದ್ದರು. ಲಕ್ಕಿ ಸೊಪ್ಪು ಬಾಣಂತಿಯ ನೀರಿಗೂ ಜೋಳದ ಚೀಲಕ್ಕೂ ಬೀಳುತ್ತಿತ್ತು.

ಆರೂ ಗಿಡಗಳ ಕೊಂಬೆಗಳನ್ನು ಸಸ್ಯಶಾಸ್ತ್ರ ವಿಭಾಗದ ಸಹೋದ್ಯೋಗಿಗೆ ತೋರಿಸಿ ಶಾಸ್ತ್ರೀಯ ಹೆಸರು ಬರೆಸಿಕೊಂಡೆವು: ಪೇರಲ ಸಿಡಿಯಮ್ ಗ್ವಾಹಾವಾ, ಬಂದರಿಕೆ ಡೊಡೋನಿಯ ವಿಸ್ಕೋಸಾ, ಲಕ್ಕಿ ವೈಟೆಕ್ಸ್ ನೆಗುಂಡೊ, ಬೇವು ಅಜಾಡಿರಾಕ್ಟ ಇಂಡಿಕಾ, ಹೊಂಗೆ ಪೊಂಗೇಮಿಯ ಪಿನ್ನಾಟ, ತುಳಸಿ ಓಸಿಮಮ್ ಟೆನುಯಿಫ್ಲೋರಮ್. ಈ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬಾರದು. ಎಲೆ ಪುಡಿಯಾದ ಮೇಲೆ ಯಾವ ಗಿಡದ್ದೆಂದು ಸಾಬೀತು ಮಾಡಲು ದಾರಿಯೇ ಇರುವುದಿಲ್ಲ.

ಮೊದಲ ತಪ್ಪು ಇಲ್ಲೇ ಆಯಿತು. ಎಲೆ ತೊಳೆದು ಪತ್ರಿಕೆಯ ಮೇಲೆ ನೆರಳಲ್ಲಿ ಹರಡಿದೆವು. ಜುಲೈ ಜಡಿಮಳೆ, ಕಿಟಕಿ ಮುಚ್ಚಿದ ಕೋಣೆ. ಐದನೆಯ ದಿನ ತುಳಸಿಯ ರಾಶಿಯಲ್ಲಿ ಬೂದು ಬಣ್ಣದ ಬೂಷ್ಟು ಕಂಡಿತು. ಅದಷ್ಟನ್ನೂ ಎಸೆದು ಹೊಸದಾಗಿ ತಂದು, ಈ ಸಲ ತೊಳೆದ ಎಲೆಯ ನೀರನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆದು, ಒಂದೇ ಪದರವಾಗಿ ಹರಡಿ ಫ್ಯಾನ್ ಹಾಕಿ, ಕೊನೆಗೆ 40 ಡಿಗ್ರಿಯ ಓವನ್‌ನಲ್ಲಿ ಒಂದು ರಾತ್ರಿ ಇಟ್ಟೆವು. ಕೈಯಲ್ಲಿ ಮುರಿದರೆ ಟಪ್ ಎಂದು ಸದ್ದಾಗಬೇಕು. ಆ ಸದ್ದು ಬಂದ ಮೇಲೆಯೇ ಮಿಕ್ಸಿಗೆ.

ಜುಲೈ 26 ರಿಂದ ಆಗಸ್ಟ್ 4: ಸಾರ ತೆಗೆದದ್ದು

ಮೊದಲು ನೀರಿನಲ್ಲಿ ಕುದಿಸಿ ಕಷಾಯ ಮಾಡಿ ಫ್ರಿಜ್‌ನಲ್ಲಿಟ್ಟೆವು. ನಾಲ್ಕನೆಯ ದಿನ ಬೇವಿನ ಕಷಾಯದ ಮೇಲೆ ಪೊರೆ ಕಟ್ಟಿತ್ತು. ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸಬೇಕಾದ ದ್ರವದಲ್ಲೇ ಬ್ಯಾಕ್ಟೀರಿಯಾ ಬೆಳೆದಿತ್ತು! ಎಲೆಯ ಮೇಲಿನ ಮಣ್ಣಿನಲ್ಲಿರುವ ಬೀಜಕಗಳು ಹತ್ತು ನಿಮಿಷದ ಕುದಿಗೆ ಸಾಯುವುದಿಲ್ಲ. ಕಷಾಯವನ್ನು ಬಿಟ್ಟು ಮೆಥನಾಲ್‌ಗೆ ಬಂದೆವು.

ಪ್ರತಿ ಎಲೆಯ ಪುಡಿ 20 ಗ್ರಾಂ, ಮೆಥನಾಲ್ 200 ಮಿ.ಲೀ., 72 ಗಂಟೆ, ದಿನಕ್ಕೆ ನಾಲ್ಕು ಸಲ ಕೈಯಲ್ಲಿ ಕುಲುಕಿದ್ದು. ನಂತರ ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ವಾಟ್‌ಮನ್ 1 ಸಂಖ್ಯೆಯ ಕಾಗದದಲ್ಲಿ ಸೋಸಿದೆವು. ಮೆಥನಾಲನ್ನು ಆವಿ ಮಾಡಿ ತೆಗೆಯುವ ರೋಟರಿ ಎವಾಪೊರೇಟರ್ ಯಂತ್ರ ನಮ್ಮಲ್ಲಿಲ್ಲ. ಅಗಲವಾದ ಗಾಜಿನ ಬಟ್ಟಲುಗಳಲ್ಲಿ ಸುರಿದು, 45 ಡಿಗ್ರಿಯ ನೀರಿನ ತೊಟ್ಟಿಯ ಮೇಲೆ, ಆವಿ ಹೊರಗೆಳೆಯುವ ಗೂಡಿನೊಳಗೆ ಇಟ್ಟು ಆರಿಸಿದೆವು. ಮೆಥನಾಲ್ ವಿಷ, ಬೆಂಕಿ ಬೇಗ ಹತ್ತುತ್ತದೆ. ಆ ದಿನಗಳಲ್ಲಿ ಕೋಣೆಯಲ್ಲಿ ಬರ್ನರ್ ಹಚ್ಚಲು ಬಿಡಲಿಲ್ಲ.

20 ಗ್ರಾಂ ಪುಡಿಗೆ ಸಿಕ್ಕ ಒಣ ಸಾರ: ಬಂದರಿಕೆ 3.8 ಗ್ರಾಂ, ಪೇರಲ 3.1, ಬೇವು 2.4, ಲಕ್ಕಿ 2.2, ಹೊಂಗೆ 1.9, ತುಳಸಿ 1.6. ಪೇರಲದ್ದು ಕೆಂಗಂದು ಬಣ್ಣದ ಗಾಜಿನ ಚೂರಿನಂತೆ ಎದ್ದು ಬಂತು. ಬೇವಿನದು ಕಡುಹಸಿರು ಮೇಣ, ಚಮಚಕ್ಕೆ ಹತ್ತಿದರೆ ಬಿಡುವುದಿಲ್ಲ.

ಆಗಸ್ಟ್ 8: ಮೊದಲ ಸುತ್ತು, 8 ತಟ್ಟೆ, ಎಂಟೂ ವ್ಯರ್ಥ

ಒಂದೇ ಸುತ್ತಿನಲ್ಲಿ ನಾಲ್ಕು ತಪ್ಪುಗಳು ಸೇರಿಕೊಂಡಿದ್ದವು.

ಆಟೋಕ್ಲೇವ್ ಮೊದಲನೆಯದು. ಮುಲ್ಲರ್ ಹಿಂಟನ್ ಅಗಾರ್ ಲೀಟರ್‌ಗೆ 38 ಗ್ರಾಂ ಕರಗಿಸಿ ಇಟ್ಟೆವು. ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿತ್ತು, ಒತ್ತಡ 10 ಪೌಂಡ್ ದಾಟಲಿಲ್ಲ. ಸಾಕಾಗುತ್ತದೆ ಎಂದು ನಾನೇ ಹೇಳಿದೆ. ಏನನ್ನೂ ಬಿತ್ತದೆ ಹಾಗೇ ಇಟ್ಟಿದ್ದ ತಟ್ಟೆಯಲ್ಲಿ ಮರುದಿನ ಏಳು ಬಿಳಿ ಚುಕ್ಕೆಗಳು ಎದ್ದಿದ್ದವು. ಮಂಡಿಪೇಟೆಯಲ್ಲಿ ಹುಡುಕಿ 320 ರೂಪಾಯಿಗೆ ಹೊಸ ರಬ್ಬರ್ ಗ್ಯಾಸ್ಕೆಟ್ ತಂದು ಹಾಕಿದೆವು. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ವಾಲ್ವ್ ಮುಚ್ಚುವ ಮೊದಲು ಒಳಗಿನ ಗಾಳಿಯೆಲ್ಲ ಹೊರಹೋಗಿ ಆವಿ ಒಂದೇ ಧಾರೆಯಾಗಿ ಬರುವವರೆಗೆ ಕಾಯಬೇಕು. ಗಾಳಿ ಉಳಿದರೆ ಮುಳ್ಳು 15 ತೋರಿಸಿದರೂ ಬಿಸಿ 121ಕ್ಕೆ ಏರಿರುವುದಿಲ್ಲ.

ಎರಡನೆಯದು ಮೇಜು. ತಟ್ಟೆಯಲ್ಲಿ ಅಗಾರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ವಲಯಗಳು, ಅಂದರೆ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬರಿದಾಗಿ ಉಳಿಯುವ ಜಾಗಗಳು, ಮೊಟ್ಟೆಯ ಆಕಾರಕ್ಕೆ ಬಂದವು. ನಾಲ್ವರಲ್ಲಿ ಒಬ್ಬಳಾದ ಜಗಳೂರಿನ ಹುಡುಗಿಯ ತಂದೆ ಗಾರೆ ಕೆಲಸದವರು. ಅವಳು ಮರುದಿನ ಅವರ ರಸಮಟ್ಟ ತಂದು ಮೇಜಿನ ಮೇಲಿಟ್ಟಳು, ಗುಳ್ಳೆ ಗೆರೆಯಾಚೆ ಸರಿದು ನಿಂತಿತು. ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಕೊಟ್ಟೆವು. ಅಂದಿನಿಂದ ಕಣ್ಣಳತೆಯಲ್ಲಿ ಸುರಿಯುವುದನ್ನು ಬಿಟ್ಟು 90 ಮಿ.ಮೀ. ತಟ್ಟೆಗೆ 25 ಮಿ.ಲೀ. ಅಳೆದು ಹೊಯ್ದೆವು. ಆಗ ದಪ್ಪ 4 ಮಿ.ಮೀ. ಆಸುಪಾಸು ನಿಲ್ಲುತ್ತದೆ. ತೆಳುವಾದ ಅಗಾರ್‌ನಲ್ಲಿ ವಲಯ ಸುಳ್ಳು ಸುಳ್ಳೇ ಹಿಗ್ಗುತ್ತದೆ.

ಮೂರನೆಯದು ಕುಳಿ. ಸಾರ ತುಂಬಲು ಅಗಾರ್‌ನಲ್ಲಿ 8 ಮಿ.ಮೀ. ಕುಳಿ ತೆಗೆಯಬೇಕು. ಕಾರ್ಕ್ ಬೋರರ್ ಮೊಂಡಾಗಿತ್ತು. 1 ಮಿ.ಲೀ. ಪಿಪೆಟ್ ಟಿಪ್‌ನ ಅಗಲವಾದ ತುದಿಯನ್ನು ಆಟೋಕ್ಲೇವ್ ಮಾಡಿ ಬಳಸಿದೆವು, ಅಳತೆ ಸರಿಯಾಗಿ ಕೂತಿತು. ಕತ್ತರಿಸಿದ ಅಗಾರ್ ತುಂಡನ್ನು ಸೂಜಿಯಲ್ಲಿ ಎತ್ತುವಾಗ ಮಾತ್ರ ಪಕ್ಕದ ಅಗಾರ್ ಕೂಡ ತಟ್ಟೆಯ ತಳದಿಂದ ಮೇಲೆದ್ದು, ಸಾರ ಅಡಿಯಲ್ಲಿ ಹರಿದು, ಲಕ್ಕಿಯ ಸುತ್ತ 19 ಮಿ.ಮೀ. ಕಂಡಿತು. ಮೇಲಿನಿಂದ ನೋಡಿದರೆ ವಲಯ, ತಟ್ಟೆ ತಿರುಗಿಸಿದರೆ ಅಡಿಯಲ್ಲಿ ಹರಡಿದ ಹಸಿರು ಕಲೆ. ಆಮೇಲೆ ಪ್ರತಿ ಕುಳಿಯ ತಳಕ್ಕೂ ಕರಗಿದ ಅಗಾರ್‌ನ ಒಂದು ಹನಿ ಬಿಟ್ಟು ಮೊಹರು ಮಾಡಿದೆವು.

ನಾಲ್ಕನೆಯದು ಬಿತ್ತನೆ. ಬ್ಯಾಕ್ಟೀರಿಯಾದ ದ್ರಾವಣ ಎಷ್ಟು ಮಬ್ಬಾಗಿರಬೇಕೆಂದು ಅಳೆಯದೆ ಹಚ್ಚಿದ್ದೆವು. ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಹಾಸು ದಟ್ಟವಾಗಿ ಎಲ್ಲ ವಲಯಗಳೂ ಕುಗ್ಗಿದವು. ಇದಕ್ಕೆ 0.5 ಮ್ಯಾಕ್‌ಫಾರ್ಲಂಡ್ ಮಾಪಕ ಬೇಕು: 1 ಪ್ರತಿಶತದ ಗಂಧಕಾಮ್ಲ 9.95 ಮಿ.ಲೀ., 1.175 ಪ್ರತಿಶತದ ಬೇರಿಯಂ ಕ್ಲೋರೈಡ್ 0.05 ಮಿ.ಲೀ. ಬಿಳಿಯ ಮಬ್ಬು ಬರುತ್ತದೆ. ಬಾಯಿ ಭದ್ರ ಮಾಡಿ ಕತ್ತಲಲ್ಲಿಟ್ಟು, ಪ್ರತಿ ಸಲ ಕುಲುಕಿ, ಕಪ್ಪು ಗೆರೆ ಎಳೆದ ಬಿಳಿ ಕಾಗದದ ಮುಂದೆ ಹಿಡಿದು ನಮ್ಮ ದ್ರಾವಣದೊಂದಿಗೆ ಹೋಲಿಸಬೇಕು. ಎರಡರ ಹಿಂದೆಯೂ ಗೆರೆ ಒಂದೇ ತೆರನಾಗಿ ಮಸುಕಾದರೆ ಮಿಲಿಲೀಟರ್‌ಗೆ ಸುಮಾರು 15 ಕೋಟಿ ಜೀವಕೋಶಗಳಿವೆ ಎಂದರ್ಥ. ಹಾಗೆ ಹೊಂದಿಸಿದ 15 ನಿಮಿಷದೊಳಗೆ ಹತ್ತಿಯ ಕಡ್ಡಿಯಿಂದ ಮೂರು ದಿಕ್ಕಿಗೆ ಹಚ್ಚಿ ಮುಗಿಸಬೇಕು.

ಆಗಸ್ಟ್ 19: ಎರಡನೆಯ ಸುತ್ತು, 12 ತಟ್ಟೆ

ಈ ಸಲ ವ್ಯವಸ್ಥೆ ಚೆನ್ನಾಗಿತ್ತು. ಎರಡು ಆಕರ ತಳಿಗಳು, ಅಂದರೆ ಗುಣ ಮೊದಲೇ ಗೊತ್ತಿರುವ, ಎಟಿಸಿಸಿ ಎಂಬ ಸಂಗ್ರಹದ ಸಂಖ್ಯೆ ಹೊತ್ತ ಬ್ಯಾಕ್ಟೀರಿಯಾಗಳು: ಸ್ಟ್ಯಾಫಿಲೋಕಾಕಸ್ ಆರಿಯಸ್ ಎಟಿಸಿಸಿ 25923, ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಎಟಿಸಿಸಿ 25922. ಒಂದು ತಟ್ಟೆಯಲ್ಲಿ ನಾಲ್ಕು ಕುಳಿ, ಮೂರರಲ್ಲಿ ಎಲೆಯ ಸಾರ, ನಾಲ್ಕನೆಯದರಲ್ಲಿ ಬರಿ ದ್ರಾವಕ. ಆಂಟಿಬಯಾಟಿಕ್ ಹೀರಿಸಿದ ಕಾಗದದ ಬಿಲ್ಲೆಗಳು ಬೇರೆ ತಟ್ಟೆಯಲ್ಲಿ.

ಒಣ ಸಾರವನ್ನು ಮೆಥನಾಲ್‌ನಲ್ಲೇ ಮತ್ತೆ ಕರಗಿಸಿ ತುಂಬಿದ್ದೆವು. ಮರುದಿನ ಆರು ಎಲೆಗಳಿಗೂ ವಲಯ. ಹೊಂಗೆಗೂ ಇದೆ, ತುಳಸಿಗೂ ಇದೆ, ಇ. ಕೋಲೈ ಮೇಲೂ ಇದೆ. ಹುಡುಗರ ಮುಖ ಅರಳಿತ್ತು. ನಾಲ್ಕನೆಯ ಕುಳಿ ನೋಡಿ ಎಂದೆ. ಬರಿ ಮೆಥನಾಲ್ ಹಾಕಿದ ಕುಳಿಯ ಸುತ್ತ 11 ಮಿ.ಮೀ. ಇತ್ತು. ಹೊಂಗೆಯದು 11, ತುಳಸಿಯದು 11. ಎಲೆ ಏನೂ ಮಾಡಿರಲಿಲ್ಲ, ಮಾಡಿದ್ದೆಲ್ಲ ಮೆಥನಾಲ್. ಆ ಒಂದು ಕುಳಿ ಇರದಿದ್ದರೆ ಆರೂ ಎಲೆಗಳು ಪರಿಣಾಮಕಾರಿ ಎಂದು ವರದಿ ಬರೆದು ಅಂಕ ಪಡೆದುಬಿಡುತ್ತಿದ್ದೆವು. ಇಂಥ ವರದಿಗಳು ನನ್ನ ಕೈಗೆ ಮೌಲ್ಯಮಾಪನಕ್ಕೆ ಬಂದಿವೆ. ದ್ರಾವಕದ ಕುಳಿ ಇಲ್ಲದ ತಟ್ಟೆಯ ಚಿತ್ರ ಕಂಡರೆ ಈಗ ಮುಂದಿನ ಪುಟ ತಿರುಗಿಸಲು ಮನಸ್ಸಾಗುವುದಿಲ್ಲ.

ದ್ರಾವಕವನ್ನು ಡಿಎಂಎಸ್‌ಒಗೆ (ಡೈಮೀಥೈಲ್ ಸಲ್ಫಾಕ್ಸೈಡ್) ಬದಲಿಸಿದೆವು. ಎಷ್ಟು ಸಾಂದ್ರತೆ ನಿರುಪದ್ರವಿ ಎಂದು ತಿಳಿಯಲು ಎರಡು ತಟ್ಟೆಗಳಲ್ಲಿ 10, 25, 50, 100 ಪ್ರತಿಶತ ಹಾಕಿ ನೋಡಿದೆವು. 10 ಮತ್ತು 25ರಲ್ಲಿ ಹಾಸು ಕುಳಿಯ ಅಂಚಿಗೆ ತಾಗಿ ಬೆಳೆದಿತ್ತು. 50ರಲ್ಲಿ ಅಂಚು ತೆಳುವಾಗಿತ್ತು, 100ರಲ್ಲಿ ಸ್ಪಷ್ಟವಾಗಿ ಬರಿದಾಗಿತ್ತು. 25 ಆಯ್ದುಕೊಂಡೆವು. ಮೊದಲು ಶುದ್ಧ ಡಿಎಂಎಸ್‌ಒನಲ್ಲಿ ಸಾರ ಪೂರ್ತಿ ಕರಗಿದ ಮೇಲೆ ಬರಡು (ಸೂಕ್ಷ್ಮಜೀವಿಗಳಿಲ್ಲದ) ನೀರನ್ನು ಹನಿಹನಿಯಾಗಿ ಸೇರಿಸಬೇಕು. ನೀರು ಮೊದಲು ಹೋದರೆ ಬೇವಿನ ಮೇಣ ಕೊಳವೆಯ ಗೋಡೆಗೆ ಅಂಟಿ, ಪಿಪೆಟ್‌ಗೆ ಬರುವುದು ಹಸಿರು ನೀರಷ್ಟೆ. ಕೊನೆಗೆ ನಿಂತ ಅಳತೆ: ಮಿಲಿಲೀಟರ್‌ಗೆ 100 ಮಿಲಿಗ್ರಾಂ ಸಾರ, ಕುಳಿಗೆ 50 ಮೈಕ್ರೋಲೀಟರ್. ಅಂದರೆ ಪ್ರತಿ ಕುಳಿಯಲ್ಲಿ 5 ಮಿಲಿಗ್ರಾಂ.

ಸೆಪ್ಟೆಂಬರ್ 2: ಮೂರನೆಯ ಸುತ್ತು, 12 ತಟ್ಟೆ. ದಾರಿ ತಪ್ಪಿದ್ದು ಇಲ್ಲಿ

ಒಂದೇ ಬಿಸಿ ಹಿಡಿದಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ 35 ಡಿಗ್ರಿ, 18 ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಇನ್‌ಕ್ಯುಬೇಟರ್ ತೆರೆದಾಗ ತಟ್ಟೆಗಳು ಪುಸ್ತಕದ ಚಿತ್ರದಂತಿದ್ದವು. ದ್ರಾವಕದ ಕುಳಿಗಳೆಲ್ಲ ಸೊನ್ನೆ. ಆರಿಯಸ್‌ನ ಹೊಂಬಣ್ಣದ ಹಾಸಿನ ನಡುವೆ ಪೇರಲದ ಕುಳಿ, ಅದರ ಸುತ್ತ ಕಂಪಾಸಿನಲ್ಲಿ ಗೀರಿದಂಥ ವೃತ್ತ. ವರ್ನಿಯರ್ ಕ್ಯಾಲಿಪರ್‌ನಲ್ಲಿ 17 ಮಿ.ಮೀ. ಪಕ್ಕದ ತಟ್ಟೆಯಲ್ಲಿ ಆಂಪಿಸಿಲಿನ್ 10 ಮೈಕ್ರೋಗ್ರಾಂ ಬಿಲ್ಲೆಯ ಸುತ್ತ 18. ಎರಡನೆಯ ಪ್ರತಿಯಲ್ಲೂ 17, 18.

ಪೇರಲ ಎಲೆ ಆಂಪಿಸಿಲಿನ್‌ಗೆ ಸಮ. ಬೋರ್ಡಿನ ಮೇಲೆ ಬರೆದೇ ಬಿಟ್ಟರು. ನಾನೂ ತಡೆಯಲಿಲ್ಲ, ಸಂತೋಷದಲ್ಲಿ ಫೋಟೊ ತೆಗೆಸಿದೆ. ಇ. ಕೋಲೈ ತಟ್ಟೆಯಲ್ಲಿ ಆಂಪಿಸಿಲಿನ್‌ಗೆ 8 ಮಿ.ಮೀ. ಮಾತ್ರ ಬಂದಿತ್ತು. ಇ. ಕೋಲೈ ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ ಎಂದು ಎಲ್ಲೆಡೆ ಕೇಳುತ್ತಿರುತ್ತೇವಲ್ಲ, ಹಾಗೇ ಇರಬೇಕೆಂದು ಮುಂದೆ ಹೋದೆವು. ನಮ್ಮ ಕೈಯಲ್ಲಿದ್ದದ್ದು ಆಸ್ಪತ್ರೆಯಿಂದ ಬಂದ ತಳಿಯಲ್ಲ, ಆಂಪಿಸಿಲಿನ್‌ಗೆ ಬಗ್ಗುತ್ತದೆಂದು ಗೊತ್ತಿರುವ ಆಕರ ತಳಿ ಎಂಬುದು ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ.

ಹದಿನೈದು ದಿನ ಬಿಟ್ಟು ವರದಿಯ ಕರಡು ತಿದ್ದುತ್ತಿದ್ದಾಗ ಗುಣಮಟ್ಟ ನಿಯಂತ್ರಣದ ಕೋಷ್ಟಕ ತೆರೆದೆ. ಎಟಿಸಿಸಿ 25923ರ ಮೇಲೆ ಆಂಪಿಸಿಲಿನ್ 10 ಮೈಕ್ರೋಗ್ರಾಂ ಬಿಲ್ಲೆಗೆ 27 ರಿಂದ 35 ಮಿ.ಮೀ. ಬರಬೇಕು. ನಮಗೆ ಬಂದದ್ದು 18. ಇ. ಕೋಲೈ ಮೇಲೆ ಕನಿಷ್ಠ 15 ಬರಬೇಕಿತ್ತು. ಅದೇ ದಿನದ ಸಿಪ್ರೊಫ್ಲಾಕ್ಸಾಸಿನ್, ಜೆಂಟಾಮೈಸಿನ್, ಟೆಟ್ರಾಸೈಕ್ಲಿನ್ ಮೂರೂ ಮಿತಿಯೊಳಗಿದ್ದವು. ಹಾಗಾದರೆ ಅಗಾರ್, ಬಿತ್ತನೆ, ಬಿಸಿ ಸರಿಯಿದೆ. ಕೆಟ್ಟಿರುವುದು ಆಂಪಿಸಿಲಿನ್ ಬಿಲ್ಲೆ.

ಶೀಶೆ ತೆಗೆದು ನೋಡಿದೆವು. ಉಳಿದ ಮೂರು ಹೊಸದಾಗಿ ಕೊಂಡವು. ಇದೊಂದು ಹಿಂದಿನ ವರ್ಷದ ಪ್ರಾಯೋಗಿಕ ತರಗತಿಗೆ ಒಡೆದದ್ದು, ಅಂದಿನಿಂದ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಅವಧಿ ಮುಗಿಯುವ ದಿನಾಂಕ ಇನ್ನೂ ದೂರವಿತ್ತು, ಅದನ್ನೇ ನಂಬಿ 190 ರೂಪಾಯಿ ಉಳಿಸಲು ನಾನೇ ಬಳಸಲು ಹೇಳಿದ್ದೆ. ಆ ದಿನಾಂಕ ಮೊಹರು ಒಡೆಯದೆ ತಂಪಿನಲ್ಲಿಟ್ಟ ಶೀಶೆಗೆ ಅನ್ವಯಿಸುವಂಥದ್ದು. ಪೆನಿಸಿಲಿನ್ ಕುಟುಂಬದ ಔಷಧಗಳ ಅಣುವಿನಲ್ಲಿರುವ ಉಂಗುರದಂಥ ರಚನೆ ತೇವ ಮತ್ತು ಶಾಖಕ್ಕೆ ಒಡೆದುಹೋಗುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲನ್ನೂ ಜುಲೈ ತೇವವನ್ನೂ ಆ ಬಿಲ್ಲೆಗಳು ಖಾನೆಯೊಳಗೇ ಕಳೆದಿದ್ದವು. ಪೇರಲ ಆಂಪಿಸಿಲಿನ್‌ನ ಮಟ್ಟಕ್ಕೆ ಏರಿರಲಿಲ್ಲ. ಆಂಪಿಸಿಲಿನ್ ಕೊಳೆತು ಪೇರಲದ ಮಟ್ಟಕ್ಕೆ ಇಳಿದಿತ್ತು.

ಇದು ಪ್ರಯೋಗಾಲಯದೊಳಗೇ ಉಳಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಜಗಳೂರಿನ ಹುಡುಗಿ ಆ ಫೋಟೊವನ್ನು ಮನೆಯವರಿಗೆ ಕಳಿಸಿದ್ದಳು. ಅವಳ ಸೋದರಮಾವನಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು, ವೈದ್ಯರು ಆಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಹಿತ್ತಿಲಲ್ಲೇ ಪೇರಲ ಮರವಿದೆ, ಹಾಗಾದರೆ ಮಾತ್ರೆ ನಿಲ್ಲಿಸಬಹುದೇ ಎಂದು ಅವರು ಕೇಳಿದ್ದರಂತೆ. ಕೋಷ್ಟಕ ತೋರಿಸಿದ ದಿನ ಅವಳು ಅದನ್ನು ಹೇಳಿದಳು, ಹೇಳುವಾಗ ಧ್ವನಿ ನಡುಗುತ್ತಿತ್ತು. ಅಲ್ಲಿಂದಲೇ ಫೋನ್ ಮಾಡಿಸಿದೆ, ನಾನೂ ಮಾತನಾಡಿದೆ. ಪುಣ್ಯಕ್ಕೆ ಅವರು ಮಾತ್ರೆ ಬಿಟ್ಟಿರಲಿಲ್ಲ. ಬೋರ್ಡಿನ ಮೇಲಿನ ಆ ಸಾಲನ್ನು ಅವಳೇ ಒರೆಸಿದಳು.

ಹೊಸ ಶೀಶೆ ಬಂತು. ಫ್ರೀಜರ್‌ನಲ್ಲಿ, ಸಿಲಿಕಾ ಜೆಲ್ ಇರುವ ಡಬ್ಬಿಯೊಳಗೆ ಇಡುತ್ತೇವೆ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯುವುದಿಲ್ಲ. ಕೋಣೆಯ ಬಿಸಿಗೆ ಬರುವವರೆಗೆ ಬಿಡಬೇಕು, ಇಲ್ಲದಿದ್ದರೆ ಗಾಳಿಯ ತೇವ ತಣ್ಣನೆಯ ಬಿಲ್ಲೆಯ ಮೇಲೆ ಹನಿಗಟ್ಟುತ್ತದೆ. ಒಡೆದ ದಿನಾಂಕವನ್ನು ಶೀಶೆಯ ಮೇಲೆ ಬರೆಯುತ್ತೇವೆ.

ಸೆಪ್ಟೆಂಬರ್ 27: ನಾಲ್ಕನೆಯ ಸುತ್ತು, 12 ತಟ್ಟೆ, ಪೂರ್ತಿ ರದ್ದು

ರಾತ್ರಿ ಐದು ಗಂಟೆ ವಿದ್ಯುತ್ ಇರಲಿಲ್ಲ. ಬೆಳಿಗ್ಗೆ ಹಾಸು ತೆಳುವಾಗಿತ್ತು, ಎಲ್ಲ ವಲಯಗಳೂ ದೊಡ್ಡದಾಗಿದ್ದವು. ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆದಾಗ ಔಷಧಕ್ಕೆ ದೂರ ಹರಡಲು ಸಮಯ ಸಿಗುತ್ತದೆ. ಪೇರಲ 21 ತೋರಿಸಿತು. ಸಿಪ್ರೊಫ್ಲಾಕ್ಸಾಸಿನ್ ಆರಿಯಸ್ ಮೇಲೆ 33, ಮಿತಿ 22 ರಿಂದ 30. ಈ ಸಲ ಕೋಷ್ಟಕವನ್ನು ಮೊದಲೇ ಗೋಡೆಗೆ ಅಂಟಿಸಿದ್ದೆವು. ಎರಡನೆಯ ಮಾತಿಲ್ಲದೆ ಹನ್ನೆರಡನ್ನೂ ಆಟೋಕ್ಲೇವ್‌ಗೆ ಹಾಕಿದೆವು. ಇನ್‌ಕ್ಯುಬೇಟರನ್ನು ಯುಪಿಎಸ್ ಇರುವ ಕೋಣೆಗೆ ಸಾಗಿಸಿದೆವು.

ಅಕ್ಟೋಬರ್ 25: ಐದನೆಯ ಸುತ್ತು, 18 ತಟ್ಟೆ, ಮೂರು ಪ್ರತಿಗಳ ಸರಾಸರಿ

ಆರಿಯಸ್ ಮೇಲೆ ಆಂಟಿಬಯಾಟಿಕ್‌ಗಳು: ಆಂಪಿಸಿಲಿನ್ 10 ಮೈಕ್ರೋಗ್ರಾಂಗೆ 30 ಮಿ.ಮೀ., ಟೆಟ್ರಾಸೈಕ್ಲಿನ್ 30ಕ್ಕೆ 27, ಸಿಪ್ರೊಫ್ಲಾಕ್ಸಾಸಿನ್ 5ಕ್ಕೆ 25, ಜೆಂಟಾಮೈಸಿನ್ 10ಕ್ಕೆ 22. ಎಲೆಗಳು: ಪೇರಲ 17, ಬಂದರಿಕೆ 15, ಬೇವು 11, ಲಕ್ಕಿ 10. ತುಳಸಿ, ಹೊಂಗೆ ಏನೂ ಇಲ್ಲ.

ಇ. ಕೋಲೈ ಮೇಲೆ: ಸಿಪ್ರೊಫ್ಲಾಕ್ಸಾಸಿನ್ 33, ಜೆಂಟಾಮೈಸಿನ್ 22, ಟೆಟ್ರಾಸೈಕ್ಲಿನ್ 21, ಆಂಪಿಸಿಲಿನ್ 18. ಎಲೆಗಳಲ್ಲಿ ಪೇರಲ ಮಾತ್ರ 11, ಅದೂ ಮಸುಕು ಅಂಚಿನದು. ಉಳಿದ ಐದೂ ಸೊನ್ನೆ. ಇ. ಕೋಲೈಗೆ ಹೊರಗೊಂದು ಹೆಚ್ಚುವರಿ ಪೊರೆಯಿದೆ, ಎಲೆಯ ಸಾರದ ಹಲವು ಅಂಶಗಳು ಅದನ್ನು ದಾಟುವುದಿಲ್ಲ.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದುವಾಗ ಎರಡು ಸಂಗತಿ ಮರೆಯಬಾರದು. ಪೇರಲದ 17 ಮಿ.ಮೀ.ನಲ್ಲಿ 8 ಕುಳಿಯದೇ ಅಗಲ, ಬಿಲ್ಲೆ 6 ಮಿ.ಮೀ. ಮಾತ್ರ. ಅದಕ್ಕಿಂತ ದೊಡ್ಡದು ತೂಕ. ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯಲ್ಲಿರುವುದು 5 ಮೈಕ್ರೋಗ್ರಾಂ, ನಮ್ಮ ಕುಳಿಯಲ್ಲಿದ್ದದ್ದು 5 ಮಿಲಿಗ್ರಾಂ. ಸಾವಿರ ಪಟ್ಟು ಸುರಿದು 17 ಪಡೆದಿದ್ದೇವೆ. ಇನ್ನೊಂದು ಕಡೆಯಿಂದ ನೋಡಿದರೆ ಎಲೆಗೂ ಅನ್ಯಾಯವಾಗಿರಬಹುದು. ಸಾರದಲ್ಲಿ ನೂರಾರು ವಸ್ತುಗಳಿವೆ, ಕೆಲಸ ಮಾಡುವುದು ಅದರಲ್ಲಿ ಕೆಲವೇ. ಪೇರಲದ ಟ್ಯಾನಿನ್‌ನಂಥ ದೊಡ್ಡ ಅಣುಗಳು ಅಗಾರ್‌ನಲ್ಲಿ ದೂರ ಸರಿಯುವುದಿಲ್ಲ, ಎಣ್ಣೆಯಂಶವಂತೂ ನೀರಿನ ಜೆಲ್‌ಗೆ ಇಳಿಯುವುದೇ ಇಲ್ಲ. ತುಳಸಿಗೆ ಸೊನ್ನೆ ಬಂದದ್ದಕ್ಕೆ ಒಣಗಿಸುವಾಗಲೂ 45 ಡಿಗ್ರಿಯಲ್ಲಿ ಆರಿಸುವಾಗಲೂ ಅದರ ಸುಗಂಧ ತೈಲ ಹಾರಿಹೋದದ್ದೂ ಕಾರಣವಿರಬೇಕು. ತುಳಸಿಯಲ್ಲಿ ಶಕ್ತಿಯಿಲ್ಲ ಎಂದು ಬರೆಯಲು ಹರಿಹರದ ಹುಡುಗ ಹೊರಟಿದ್ದ. ನಮ್ಮ ಈ ವಿಧಾನದಲ್ಲಿ ಕಾಣಲಿಲ್ಲ ಎಂದು ತಿದ್ದಿಸಿದೆ.

ನವೆಂಬರ್ 18 ರಿಂದ ಡಿಸೆಂಬರ್ 3: ಕೊಳವೆಗಳು

ವಲಯದ ಅಗಲ ಬಿಟ್ಟು, ಆರಿಯಸ್‌ನ ಬೆಳವಣಿಗೆ ನಿಲ್ಲಿಸಲು ಕನಿಷ್ಠ ಎಷ್ಟು ಬೇಕೆಂದು ಪೇರಲಕ್ಕೆ ಮಾತ್ರ ನೋಡಿದೆವು. ಎಂಟು ಕೊಳವೆ, ಮಿಲಿಲೀಟರ್‌ಗೆ 10 ಮಿಲಿಗ್ರಾಂನಿಂದ ಶುರುವಾಗಿ ಪ್ರತಿ ಸಲ ಅರ್ಧ: 5, 2.5, 1.25, 0.63, 0.31, 0.16, 0.08.

ಮೊದಲ ಯತ್ನ ಕೆಟ್ಟಿತು. ಬೆಳೆದರೆ ದ್ರವ ಮಬ್ಬಾಗುತ್ತದೆ, ಬೆಳೆಯದಿದ್ದರೆ ತಿಳಿಯಾಗಿರುತ್ತದೆ ಎಂಬ ಲೆಕ್ಕದಲ್ಲಿ ಕೂತೆವು. ಪೇರಲದ ಟ್ಯಾನಿನ್, ಬ್ಯಾಕ್ಟೀರಿಯಾ ಬೆಳೆಸಲು ಕೊಳವೆಗೆ ಹಾಕಿದ ಪೋಷಕ ಸಾರಿನಲ್ಲಿರುವ (ಬ್ರಾತ್) ಪ್ರೋಟೀನ್‌ಗೆ ಕಚ್ಚಿಕೊಂಡು ಗಸಿ ಮಾಡುತ್ತದೆ, ಬ್ಯಾಕ್ಟೀರಿಯಾ ಹಾಕದ ಕೊಳವೆಯೂ ಕಂದು ಮಬ್ಬು. ಎರಡನೆಯ ಸಲ 18 ಗಂಟೆಯ ನಂತರ ಟಿಟಿಸಿ ಎಂಬ ಬಣ್ಣರಹಿತ ದ್ರಾವಣದ ಕೆಲವು ಹನಿ ಬಿಟ್ಟೆವು. ಜೀವಂತ ಕೋಶಗಳು ಅದನ್ನು ಕೆಂಪು ಮಾಡುತ್ತವೆ. ಅರ್ಧ ಗಂಟೆಯಲ್ಲಿ 0.63ರಿಂದ ಕೆಳಗಿನ ನಾಲ್ಕೂ ಕೊಳವೆಗಳ ತಳದಲ್ಲಿ ದಾಳಿಂಬೆ ಕಾಳಿನ ಕೆಂಪು ಹರಡಿತು. 1.25ರಲ್ಲಿ ಬರಲಿಲ್ಲ.

ಅಲ್ಲಿಗೂ ನಿಲ್ಲಿಸಲಿಲ್ಲ. ಜೊತೆಗೆ ಇಟ್ಟಿದ್ದ, ಟಿಟಿಸಿ ಬಿಡದ ಇನ್ನೊಂದು ಸಾಲಿನ ಕೊಳವೆಗಳಿಂದ ಒಂದೊಂದು ಹನಿಯನ್ನು ಔಷಧವಿಲ್ಲದ ಅಗಾರ್ ಮೇಲೆ ಎಳೆದೆವು. 1.25 ಮತ್ತು 2.5ರಿಂದ ಮರುದಿನ ಕಾಲೊನಿಗಳು ಎದ್ದವು, 5ರಿಂದ ಏಳಲಿಲ್ಲ. 1.25ರಲ್ಲಿ ಪೇರಲದ ಸಾರ ಆರಿಯಸ್ ಅನ್ನು ಕೊಂದಿರಲಿಲ್ಲ, ಬೆಳೆಯದಂತೆ ಹಿಡಿದಿಟ್ಟಿತ್ತು ಅಷ್ಟೆ. ಹೋಲಿಕೆಗೆ, ಸಿಪ್ರೊಫ್ಲಾಕ್ಸಾಸಿನ್‌ಗೆ ಇದೇ ಜಾತಿಯ ಎಟಿಸಿಸಿ 29213 ತಳಿಯ ಮೇಲೆ ಒಪ್ಪಿತ ಮಿತಿ ಮಿಲಿಲೀಟರ್‌ಗೆ 0.12 ರಿಂದ 0.5 ಮೈಕ್ರೋಗ್ರಾಂ. ನಮ್ಮ ಪೇರಲದ್ದು 1,250 ಮೈಕ್ರೋಗ್ರಾಂ. ಜಗಳೂರಿನ ಹುಡುಗಿ ಈ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದು, ಮೊದಲ ಫೋಟೊ ಕಳಿಸಿದ್ದ ಅದೇ ಮನೆಯವರ ಗುಂಪಿಗೆ ಕಳಿಸಿದಳು.

ಖರ್ಚು

ಅಗಾರ್ 100 ಗ್ರಾಂ 1,150 ರೂಪಾಯಿ, ಒಂದು ಬಾರಿ ಬಳಸುವ ತಟ್ಟೆ ನೂರಕ್ಕೆ 900, ಮೆಥನಾಲ್ 780, ಬಿಲ್ಲೆಗಳ ನಾಲ್ಕು ಶೀಶೆ 760, ಡಿಎಂಎಸ್‌ಒ 420, ಬರಡು ಹತ್ತಿ ಕಡ್ಡಿ 350, ಗ್ಯಾಸ್ಕೆಟ್ 320. ಒಟ್ಟು 4,680. ಬೇರಿಯಂ ಕ್ಲೋರೈಡ್, ಟಿಟಿಸಿ, ಪೋಷಕ ಸಾರಿನ ಪುಡಿ ವಿಭಾಗದಲ್ಲೇ ಇದ್ದವು. ಐವರೂ ಹಂಚಿಕೊಂಡೆವು.

ಬಳಸಿದ ತಟ್ಟೆ, ಕೊಳವೆ, ಕಡ್ಡಿ ಎಲ್ಲವನ್ನೂ 121 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಮುದ್ದೆಯಾದ ಮೇಲೆ ಜೈವಿಕ ತ್ಯಾಜ್ಯದ ಚೀಲಕ್ಕೆ ಹಾಕಿದೆವು. 36 ತಟ್ಟೆ ಉಳಿದಿವೆ. ಪೇರಲದ ಸಾರ 1.4 ಗ್ರಾಂ ಕಂದು ಶೀಶೆಯಲ್ಲಿ ಫ್ರಿಜ್‌ನಲ್ಲಿದೆ, ಬಂದರಿಕೆಯದು 2 ಗ್ರಾಂ. ಜನವರಿಯಲ್ಲಿ ಬಂದರಿಕೆಯನ್ನೂ ಕೊಳವೆಗಳಿಗೆ ಹಾಕುತ್ತೇವೆ. ರಸಮಟ್ಟವನ್ನು ಗಾರೆ ಕೆಲಸಕ್ಕೆ ಹಿಂದಿರುಗಿಸಿ ಆಯಿತು, ಹೋಗುವ ಮುನ್ನ ಮೇಜಿನ ಕಾಲಿಗೆ ರಟ್ಟಿನ ಬದಲು ಮರದ ತುಂಡು ಬಡಿದು ಮಟ್ಟ ನೋಡಿದ್ದೇವೆ.